ನೀರಿಗಿಳಿಯುವ ಕ್ಯಾಮರಾ

ಕೊಪ್ಪಳ ಜಿಲ್ಲೆಯ ಕುಕನೂರು ಹಳೆಯ ಊರು. ರಾಷ್ಟ್ರಕೂಟರ ಕಾಲದ ನವಲಿಂಗ ಗುಡಿಯಿಂದಲೂ ಮಹಾಮಾಯೆಯ ಸನ್ನಿಧಿಯಿಂದಲೂ ಅದು ಹೆಸರಾಗಿದೆ. ಊರಿನ ಸುತ್ತ ಎರೆಯ ಹೊಲಗಳು ಹಬ್ಬಿವೆ. ತುಂಗಭದ್ರೆಯಂಥ ಹೊಳೆ ಮಗ್ಗುಲಲ್ಲಿ ಹರಿಯದಿದ್ದರೂ ಇಲ್ಲಿಯವರು ಈಜನ್ನು ಮರೆತಿಲ್ಲ. ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿಸಿಕೊಂಡು, ಬಾವಿಯ ಮೆಟ್ಟಿಲಿನಿಂದ ಅಂಜುತ್ತ ನೀರಿಗಿಳಿದು ಈಜು ಕಲಿತವರು ಹಿರಿಯ ತಲೆಮಾರಿನಲ್ಲಿ ಅನೇಕರು.

ಅಂಥವರಲ್ಲೊಬ್ಬರು ನಮ್ಮ ಮಿತ್ರರಾದ ಒಬ್ಬ ಮಾಸ್ತರರು. ರಜೆಯ ದಿನಗಳಲ್ಲಿ ನಾಲ್ಕಾರು ಜನ ಸಂಗಡಿಗರೊಡನೆ ಕೆರೆಯಲ್ಲಿಯೋ ತುಂಗಭದ್ರೆಯ ಹಿನ್ನೀರಿನಲ್ಲಿಯೋ ಈಜುವುದು ಅವರ ರೂಢಿ. ಅವರಿಗೆ ಈಜು ಕಲಿಸಿದ ಸೋದರಮಾವನವರು ಎಪ್ಪತ್ತು ದಾಟಿದ್ದರೂ ಇಂದಿಗೂ ನೀರಿಗಿಳಿಯುತ್ತಾರೆ. "ಮಾವನವರ ಈಜನ್ನು ದಡದಿಂದಲ್ಲ, ಅವರ ಪಕ್ಕದಲ್ಲಿ ಈಜುತ್ತ ಚಿತ್ರಿಸಬೇಕು. ಇನ್ನು ಎಷ್ಟು ವರ್ಷ ಅವರು ಈಜಿಯಾರು? ನೀರಿನಲ್ಲಿ ಕೆಡದ ಸಣ್ಣ ಕ್ಯಾಮರಾ ಒಂದನ್ನು ಆರಿಸಿಕೊಡಿರಿ" ಎಂದು ಮಾಸ್ತರರು ಕೇಳಿದರು. ಅಂಗಡಿಯವರು ಅವರಿಗೆ ಆಗಲೇ ಒಂದು ಸಲಹೆ ಕೊಟ್ಟಿದ್ದರು: ಎಲ್ಲಕ್ಕಿಂತ ಹೆಚ್ಚು ಆಳಕ್ಕೆ ಇಳಿಯಬಲ್ಲ ಯಂತ್ರವೇ ಎಲ್ಲಕ್ಕಿಂತ ಒಳ್ಳೆಯದು ಎಂದು.

ಈ ಮಾತು ನಿಜವೆ? ಹತ್ತಾರು ಸಾವಿರ ರೂಪಾಯಿ ಕೊಡುವ ಮುನ್ನ ವಿಚಾರಿಸತಕ್ಕ ಸಂಗತಿ ಇದು. ಮುಳುಗುಗಾರನಿಗೆ ಬೇಕಾದ ಕ್ಯಾಮರಾ ಬೇರೆ, ಈಜುಗಾರನಿಗೆ ಬೇಕಾದದ್ದು ಬೇರೆ. ಸ್ವಚ್ಛ ಸಮುದ್ರಕ್ಕೆ ಒಗ್ಗುವುದು ನಮ್ಮ ಕೆರೆಯ ನೀರಿಗೆ ಒಗ್ಗಲಾರದು. ಹೇಗೆಂಬುದನ್ನು ಒಂದೊಂದಾಗಿ ನೋಡೋಣ.

ಮೊದಲು ನೀರನ್ನು ಅಳೆಯಬೇಕು

ಕ್ಯಾಮರಾ ಕೊಳ್ಳುವವನು ಮೊದಲು ಹೋಗಬೇಕಾದದ್ದು ಅಂಗಡಿಗಲ್ಲ, ನೀರಿನ ಬಳಿಗೆ. 1865ರಲ್ಲಿ ಇಟಲಿಯ ಖಗೋಳಜ್ಞ ಆಂಜೆಲೊ ಸೆಕ್ಕಿಯು ಬಿಳಿಯ ತಟ್ಟೆಯೊಂದನ್ನು ಹಗ್ಗಕ್ಕೆ ಕಟ್ಟಿ ಮೆಡಿಟರೇನಿಯನ್ ಸಮುದ್ರದಲ್ಲಿ ಇಳಿಬಿಟ್ಟು, ಎಷ್ಟು ಆಳದಲ್ಲಿ ಅದು ಕಣ್ಣಿಗೆ ಮರೆಯಾಗುವುದೆಂದು ಅಳೆದನು. ನೀರಿನ ತಿಳಿತನವನ್ನು ಗೊತ್ತುಮಾಡಲು ಈ ಸರಳ ಉಪಾಯವನ್ನು ವಿಜ್ಞಾನಿಗಳು ಇಂದಿಗೂ ಬಳಸುತ್ತಾರೆ.

ನಾವೂ ಇದನ್ನು ಮಾಡಬಹುದು. ಒಂದು ತಾಟಿಗೆ ಹೊಳಪಿಲ್ಲದ ಬಿಳಿಯ ಬಣ್ಣ ಬಳಿದು, ಅಂಚಿನಲ್ಲಿ ಮೂರು ತೂತು ಕೊರೆದು ದಾರ ಕಟ್ಟಬೇಕು. ತಾಟು ಓರೆಯಾಗದಂತೆ ಕೆಳಗೊಂದು ಕಲ್ಲು ತೂಗುಹಾಕಬೇಕು. ಹಗ್ಗಕ್ಕೆ ಅರ್ಧರ್ಧ ಮೀಟರಿಗೆ ಒಂದು ಗಂಟು ಹಾಕಿ, ಮಧ್ಯಾಹ್ನದ ಬೆಳಕಿನಲ್ಲಿ, ಬಿಸಿಲಿನ ಝಳಪು ಕಣ್ಣಿಗೆ ಹೊಡೆಯದ ಮಗ್ಗುಲಿನಿಂದ ಇಳಿಬಿಡಬೇಕು. ತಾಟು ಕಾಣದಾದೊಡನೆ ಗಂಟುಗಳನ್ನು ಎಣಿಸಿದರಾಯಿತು.

ತಾಟು 2 ಮೀಟರಿನಲ್ಲಿ ಮರೆಯಾಯಿತೆಂದು ಇಟ್ಟುಕೊಳ್ಳೋಣ. ಹಾಗೆಂದು 2 ಮೀಟರ್ ದೂರದ ಮನುಷ್ಯನ ಚಿತ್ರ ನೀರೊಳಗೆ ಚೆನ್ನಾಗಿ ಬರುವುದೆಂದು ತಿಳಿಯಬಾರದು. ಕಾಣುವ ದೂರದ ನಾಲ್ಕನೆಯ ಒಂದು ಪಾಲಿನೊಳಗೆ ಇದ್ದ ವಸ್ತು ಮಾತ್ರ ಸ್ಪಷ್ಟವಾಗಿ ಮೂಡುವುದೆಂಬುದು ನೀರೊಳಗೆ ಚಿತ್ರ ತೆಗೆಯುವವರ ಸ್ಥೂಲವಾದ ಲೆಕ್ಕ. ಎಂದರೆ ಇಲ್ಲಿ ಕೇವಲ ಅರ್ಧ ಮೀಟರು! ಅದರಾಚೆಯದೆಲ್ಲ ಮಂಜಿನಲ್ಲಿ ನಿಂತಂತೆ ಕಾಣುವುದು.

ನಮ್ಮ ನಾಡಿನ ನೀರು ಹೀಗೇಕೆ? ತುಂಗಭದ್ರೆಯನ್ನೇ ತೆಗೆದುಕೊಳ್ಳೋಣ. ಮುಂಗಾರಿನಲ್ಲಿ ಮಲೆನಾಡಿನ ಮಣ್ಣನ್ನು ಹೊತ್ತು ಕೆಂಪಗೆ ಇಳಿದು ಬರುವ ಈ ಹೊಳೆ ತನ್ನ ಹೊರೆಯನ್ನು ಜಲಾಶಯದಲ್ಲಿ ಇಳಿಸುತ್ತದೆ. 1953ರಲ್ಲಿ ಕಟ್ಟಿ ಮುಗಿದಾಗ 133 ಟಿ.ಎಂ.ಸಿ. ಅಡಿ ನೀರು ಹಿಡಿಯುವಂತಿದ್ದ ಜಲಾಶಯವು ಹೂಳು ತುಂಬಿ ಈಗ 105ರ ಆಸುಪಾಸಿಗೆ ಇಳಿದಿದೆ. ಆ ಹೂಳಿನ ನವುರಾದ ಕಣಗಳು ಗಾಳಿಗೂ ಅಲೆಗೂ ಮತ್ತೆ ಮತ್ತೆ ಮೇಲೇಳುತ್ತವೆ. ಕೆಲವು ಕಾಲದಲ್ಲಿ ಪಾಚಿ ಬೆಳೆದು ನೀರು ಹಸಿರಾಗುವುದೂ ಉಂಟು. ಎರೆನೆಲದ ಕೆರೆಗಳ ನೀರಂತೂ ಮಳೆಗಾಲದ ಬಳಿಕ ಬಹುದಿನ ತಿಳಿಯಾಗುವುದಿಲ್ಲ.

ಆದುದರಿಂದ ನಮ್ಮ ಈಜುಗಾರನ ಒಳ್ಳೆಯ ಚಿತ್ರಗಳಲ್ಲಿ ಹೆಚ್ಚಿನವು ನೀರಿನ ಒಳಗಿನವಲ್ಲ, ನೀರಿನ ಮೇಲ್ಮೈಯವು. ಮುಂದಿನ ವಿಚಾರಕ್ಕೆಲ್ಲ ಇದೇ ಬುನಾದಿ.

ಆಳದ ಅಂಕಿಯ ಅರ್ಥ

ನೀರಿನಲ್ಲಿ ಪ್ರತಿ 10 ಮೀಟರ್ ಆಳಕ್ಕೂ ಒತ್ತಡವು ಸುಮಾರು ಒಂದು ವಾಯುಭಾರದಷ್ಟು, ಎಂದರೆ ಚದರ ಸೆಂಟಿಮೀಟರಿಗೆ ಒಂದು ಕಿಲೋಗ್ರಾಮಿನಷ್ಟು ಏರುತ್ತದೆ. ಬ್ಯಾಟರಿ ಇಡುವ ಬಾಗಿಲು 12 ಚದರ ಸೆಂಟಿಮೀಟರ್ ಇದ್ದರೆ 10 ಮೀಟರ್ ಆಳದಲ್ಲಿ ಅದರ ಮೇಲೆ 12 ಕಿಲೋಗ್ರಾಮಿನ ಒತ್ತು ಬೀಳುತ್ತದೆ. ಆದರೆ ಈಜುಗಾರನ ಕೈ ಒಂದು ಮೊಳಕ್ಕಿಂತ ಹೆಚ್ಚು ಆಳಕ್ಕೆ ಹೋಗುವುದು ಅಪರೂಪ. ಅಲ್ಲಿ ಅದೇ ಬಾಗಿಲಿನ ಮೇಲಿನ ಒತ್ತು ಅರ್ಧ ಕಿಲೋಗ್ರಾಮಿನಷ್ಟು ಮಾತ್ರ.

ಕೈ ಬೀಸುವಾಗಿನ ರಭಸದಿಂದ ಒತ್ತಡ ಬಹಳ ಏರುವುದೆಂದು ಕೆಲವರು ಹೇಳುತ್ತಾರೆ. ಲೆಕ್ಕ ಹಾಕಿ ನೋಡೋಣ. ಕೈಯು ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ನೀರನ್ನು ಸೀಳಿದರೂ ಅದರಿಂದ ಕೂಡುವ ಒತ್ತಡವು ಅರ್ಧ ಮೀಟರ್ ಆಳದ ಒತ್ತಡವನ್ನೂ ಮುಟ್ಟುವುದಿಲ್ಲ. ದುಮುಕುವುದರ ಮಾತು ಮಾತ್ರ ಬೇರೆ. 5 ಮೀಟರ್ ಎತ್ತರದಿಂದ ಹಾರಿದವನು ಸೆಕೆಂಡಿಗೆ ಸುಮಾರು 10 ಮೀಟರ್ ವೇಗದಲ್ಲಿ ನೀರನ್ನು ತಾಗುತ್ತಾನೆ. ಆ ವೇಗದ ನೀರು 5 ಮೀಟರ್ ಆಳದ ಒತ್ತಡವನ್ನು ತರುತ್ತದೆ. ತಾಗಿದ ಕ್ಷಣದ ಪೆಟ್ಟು ಅದಕ್ಕೂ ಮಿಗಿಲು.

ಇದರಿಂದ ತಿಳಿಯುವುದೇನು? 10 ಅಥವಾ 15 ಮೀಟರಿಗೆ ತಡೆಯುವ ಕ್ಯಾಮರಾ ಈಜುಗಾರನಿಗೆ ಧಾರಾಳವಾಗಿ ಸಾಕು. 30 ಮೀಟರ್ ಎಂಬ ಅಂಕಿಗಾಗಿ ಹೆಚ್ಚು ಹಣ ಕೊಡುವುದು, ಮೊಣಕಾಲು ನೀರಿನ ಹಳ್ಳ ದಾಟಲು ಹಡಗು ಕೊಂಡಂತೆ.

ಮೊಬೈಲ್ ಫೋನುಗಳ ಮೇಲೆ ಬರೆದಿರುವ ಐಪಿ 67, ಐಪಿ 68 ಎಂಬ ಗುರುತುಗಳನ್ನೂ ಇಲ್ಲಿಯೇ ತಿಳಿಯಬೇಕು. ಕೊನೆಯ ಅಂಕಿಯು ನೀರಿಗೆ ಸಂಬಂಧಿಸಿದ್ದು. 7 ಎಂದರೆ 1 ಮೀಟರ್ ಆಳದಲ್ಲಿ 30 ನಿಮಿಷ ಇಟ್ಟು ಪರೀಕ್ಷಿಸಿದ್ದು. 8 ಎಂದರೆ ತಯಾರಕರು ತಾವೇ ಹೇಳಿದ, ಅದಕ್ಕಿಂತ ಕಠಿಣವಾದ ಸ್ಥಿತಿಯಲ್ಲಿ ಪರೀಕ್ಷಿಸಿದ್ದು. ಇವೆಲ್ಲ ಅಲುಗದ ಸಿಹಿನೀರಿನಲ್ಲಿ, ಹೊಸ ಯಂತ್ರದ ಮೇಲೆ ನಡೆದ ಪರೀಕ್ಷೆಗಳು. ನೀರು ಹೊಕ್ಕು ಕೆಟ್ಟದ್ದಕ್ಕೆ ಹೊಣೆಯಿಲ್ಲವೆಂದು ಖಾತರಿ ಪತ್ರದಲ್ಲಿ ಬರೆದಿರುವುದೇ ಹೆಚ್ಚು. ಫೋನನ್ನು ಪಾರದರ್ಶಕ ಚೀಲದಲ್ಲಿಟ್ಟು ಒಯ್ಯುವುದುಂಟು. ಆದರೆ ತೊಯ್ದ ಬೆರಳಿಗೂ ಅಲೆಯುವ ನೀರಿಗೂ ಸ್ಪರ್ಶದ ತೆರೆಯು ಭೇದವೆಣಿಸಲಾರದು. ಒತ್ತಿದ್ದೊಂದು, ಆದದ್ದೊಂದು ಎಂಬಂತಾಗುತ್ತದೆ.

ಬೆಳಕಿನ ಬಾಗು

ನೀರಿನಲ್ಲಿಟ್ಟ ಕೋಲು ಮುರಿದಂತೆ ಕಾಣುವುದನ್ನು ಎಲ್ಲರೂ ಬಲ್ಲರು. ನೀರಿನ ವಕ್ರೀಭವನಾಂಕ 1.33. ಕ್ಯಾಮರಾದ ಮುಂದಿನ ಸಪಾಟಾದ ಗಾಜಿನ ಮೂಲಕ ನೋಡಿದಾಗ ನೀರೊಳಗಿನ ವಸ್ತುವು ಮುಕ್ಕಾಲು ದೂರದಲ್ಲಿಯೇ ಇರುವಂತೆಯೂ, ಮೂರನೆಯ ಒಂದು ಪಾಲು ದೊಡ್ಡದಾದಂತೆಯೂ ತೋರುವುದಕ್ಕೆ ಇದೇ ಕಾರಣ. ಎಂದರೆ ಕ್ಯಾಮರಾದ ನೋಟ ಕಿರಿದಾಗುತ್ತದೆ. ಗಾಳಿಯಲ್ಲಿ 28 ಮಿಲಿಮೀಟರ್ ಮಸೂರದ ಹರವಿದ್ದುದು ನೀರಿನಲ್ಲಿ 37 ಮಿಲಿಮೀಟರ್ ಮಸೂರದಷ್ಟಕ್ಕೆ ಇಳಿಯುತ್ತದೆ. ರಾಡಿ ನೀರಿನಲ್ಲಿ ಹತ್ತಿರದಿಂದಲೇ ಚಿತ್ರ ತೆಗೆಯಬೇಕಾದುದರಿಂದ ಅಗಲ ನೋಟದ ಮಸೂರ ನಮಗೆ ಅತ್ಯಗತ್ಯ. 24 ರಿಂದ 28 ಮಿಲಿಮೀಟರ್ ಒಳಗಿನದು ತಕ್ಕದ್ದು.

ಎರಡನೆಯದು ಮಸೂರದ ಬೆಳಕು ಕುಡಿಯುವ ಶಕ್ತಿ. ಇದನ್ನು ಎಫ್ ಅಂಕಿಯಿಂದ ತಿಳಿಸುತ್ತಾರೆ. ಅಂಕಿ ಸಣ್ಣದಾದಷ್ಟೂ ಬೆಳಕು ಹೆಚ್ಚು. ಎಫ್ 2 ಇರುವ ಮಸೂರವು ಎಫ್ 3.5 ಇರುವುದಕ್ಕಿಂತ ಸುಮಾರು ಮೂರು ಪಟ್ಟು ಬೆಳಕನ್ನು ಒಳಬಿಡುತ್ತದೆ. ಬೆಳಗಿನ ಜಾವ ಈಜುವವನಿಗೆ, ತಾನೂ ಅಲುಗುತ್ತ ಅಲುಗುವವರ ಚಿತ್ರ ತೆಗೆಯುವವನಿಗೆ, ಇದು ಬಹು ದೊಡ್ಡ ಲಾಭ.

ಕ್ಯಾಮರಾದ ಮಿಂಚುದೀಪವನ್ನು ಮಾತ್ರ ನೀರೊಳಗೆ ಹಚ್ಚಬಾರದು. ಧೂಳೆದ್ದ ರಸ್ತೆಯಲ್ಲಿ ಲಾರಿಯ ದೀಪ ಹಾಕಿದರೆ ಧೂಳೇ ಕಾಣುವುದಲ್ಲದೆ ದಾರಿ ಕಾಣದು. ಹಾಗೆಯೇ ಮಿಂಚಿನ ಬೆಳಕು ಹೂಳಿನ ಕಣಗಳಿಂದ ತಿರುಗಿ ಬಂದು ಚಿತ್ರದ ತುಂಬ ಬಿಳಿಯ ಚುಕ್ಕೆಗಳನ್ನು ಚೆಲ್ಲುತ್ತದೆ.

ಇನ್ನೊಂದು ಸೂಕ್ಷ್ಮವುಂಟು. ಸ್ವಚ್ಛ ಸಮುದ್ರದ ನೀರು ಕೆಂಪು ಬೆಳಕನ್ನು ಮೊದಲು ಹೀರಿಬಿಡುವುದರಿಂದ ಅಲ್ಲಿ ಎಲ್ಲವೂ ನೀಲಿಯಾಗಿ ಕಾಣುತ್ತದೆ. ಇದನ್ನು ಸರಿಪಡಿಸಲೆಂದು ಇಂಥ ಕ್ಯಾಮರಾಗಳಲ್ಲಿ ನೀರೊಳಗಿನ ಚಿತ್ರಕ್ಕೆಂದೇ ಒಂದು ಏರ್ಪಾಟು ಇರುತ್ತದೆ; ಅದು ಕೆಂಪನ್ನು ಹೆಚ್ಚಿಸುತ್ತದೆ. ಆದರೆ ಮಣ್ಣೂ ಕೊಳೆತ ಎಲೆಯ ರಸವೂ ಬೆರೆತ ನಮ್ಮ ನೀರಿನಲ್ಲಿ ಮೊದಲು ಮಾಯವಾಗುವುದು ನೀಲಿ ಬೆಳಕು. ಇಲ್ಲಿ ಆ ಏರ್ಪಾಟನ್ನು ಬಳಸಿದರೆ ಕಂದು ಬಣ್ಣಕ್ಕೆ ಕುಂಕುಮ ಬೆರಸಿದಂತಾಗುತ್ತದೆ. ಹಗಲು ಬೆಳಕಿನ ಸಾಮಾನ್ಯ ಏರ್ಪಾಟೇ ನಮಗೆ ಲೇಸು.

ಯಾವ ಬಗೆಯ ಯಂತ್ರ?

ನೀರೊಳಗೆ ಚಿತ್ರ ತೆಗೆಯುವ ಸಾಹಸ ಇಂದಿನದಲ್ಲ. 1893ರಲ್ಲಿ ಫ್ರಾನ್ಸಿನ ಜೀವವಿಜ್ಞಾನಿ ಲೂಯಿ ಬೂಟಾನ್ ಎಂಬಾತನು ದೊಡ್ಡ ಪೆಟ್ಟಿಗೆಯಲ್ಲಿ ಕ್ಯಾಮರಾವನ್ನು ಮುಚ್ಚಿ ಮೆಡಿಟರೇನಿಯನ್ ಕರೆಯಲ್ಲಿ ಇಳಿಸಿದನು. ಒಂದು ಚಿತ್ರಕ್ಕೆ ಅರ್ಧ ಗಂಟೆಯವರೆಗೂ ಬೆಳಕು ಕೊಡಬೇಕಾಗಿತ್ತು! ಮುಂದೆ, ಪೆಟ್ಟಿಗೆಯ ಹಂಗಿಲ್ಲದೆ ತಾನೇ ನೀರು ತಡೆಯುವ ಕಲಿಪ್ಸೊ ಕ್ಯಾಮರಾವು ಸಮುದ್ರ ಶೋಧಕ ಕುಸ್ತೊನ ಪ್ರೇರಣೆಯಿಂದ ಹುಟ್ಟಿತು. 1963ರಲ್ಲಿ ಜಪಾನಿನ ನಿಕಾನ್ ಸಂಸ್ಥೆಯು ಅದನ್ನು ನಿಕೊನೊಸ್ ಎಂಬ ಹೆಸರಿನಿಂದ ಹೊರತಂದಿತು. ಇಂದಿನ ಅಂಗೈಯಗಲದ ಯಂತ್ರಗಳೆಲ್ಲ ಅದರ ಸಂತತಿಯವು.

ಈಗಿನವುಗಳಲ್ಲಿ ಎರಡು ಜಾತಿ. ಒಂದು, ಗೋಪ್ರೋ ಮೊದಲಾದ ಸಾಹಸಕ್ರೀಡೆಯ ಪುಟ್ಟ ಕ್ಯಾಮರಾಗಳು. 2016ರ ಹೀರೋ 5 ಮೊದಲುಗೊಂಡು ಗೋಪ್ರೋ ಹೀರೋ ಯಂತ್ರಗಳಲ್ಲಿ ಹೆಚ್ಚಿನವು ಬೇರೆ ಹೊದಿಕೆಯಿಲ್ಲದೆ 10 ಮೀಟರಿನವರೆಗೆ ತಡೆಯುತ್ತ ಬಂದಿವೆ. ನೋಟ ಬಹಳ ಅಗಲ. ಚಲಿಸುವ ಚಿತ್ರಕ್ಕೆ ಬಹು ಚೆನ್ನ. ಆದರೆ ಮೂರು ನಾಲ್ಕು ಮೀಟರ್ ದೂರದ ಈಜುಗಾರನು ಇರುವೆಯಂತೆ ಸಣ್ಣಗಾಗುತ್ತಾನೆ. ದೂರದ್ದನ್ನು ಹತ್ತಿರ ತರುವ ಜೂಮ್ ಮಸೂರ ಇವುಗಳಲ್ಲಿಲ್ಲ.

ಎರಡನೆಯದು, ನೀರು ತಡೆಯುವ ಚಿಕ್ಕ ಸ್ಥಿರಚಿತ್ರ ಕ್ಯಾಮರಾ. 2023ರಲ್ಲಿ ಬಂದ ಓಎಂ ಸಿಸ್ಟಂ ಟಫ್ ಟಿಜಿ-7 ಇಂಥದ್ದು: 15 ಮೀಟರಿಗೆ ತಡೆಯುತ್ತದೆ, 25 ಮಿಲಿಮೀಟರಿನ ಅಗಲ ನೋಟ, ಎಫ್ 2 ಬೆಳಕು. 2019ರ ರಿಕೋ ಡಬ್ಲ್ಯೂಜಿ-6 ಎಂಬುದು 20 ಮೀಟರಿಗೆ ತಡೆಯುತ್ತದೆ; ಆದರೆ ಅದರದು 28 ಮಿಲಿಮೀಟರ್, ಎಫ್ 3.5. ಆಳದ ಅಂಕಿಯನ್ನಷ್ಟೇ ನೋಡಿದವನು ಎರಡನೆಯದನ್ನು ಆರಿಸುವನು. ಬೆಳಕಿನ ಅಂಕಿಯನ್ನು ನೋಡಿದ ಈಜುಗಾರನು ಮೊದಲನೆಯದನ್ನು. ಹೆಸರುಗಳು ವರ್ಷವರ್ಷವೂ ಬದಲಾಗುತ್ತವೆ, ಹೋಲಿಸುವ ಕ್ರಮ ಬದಲಾಗದು. ಎರಡು ಜಾತಿಯಲ್ಲಿಯೂ, ಒದ್ದೆಯಾದ ಸೆಟೆದ ಬೆರಳಿಗೆ ಸಿಕ್ಕುವ ದೊಡ್ಡ ಗುಂಡಿಯಿರುವುದನ್ನೇ ಕೊಳ್ಳಬೇಕು.

ಸೋರೆಬುರುಡೆಯ ಪಾಠ

ಕೈಜಾರಿದ ಕ್ಯಾಮರಾ ತೇಲುವುದೊ ಮುಳುಗುವುದೊ? ಇದಕ್ಕೆ ಆರ್ಕಿಮಿಡೀಸನ ನಿಯಮವೇ ಉತ್ತರ. ಕ್ಯಾಮರಾದ ತೂಕ 250 ಗ್ರಾಂ, ಅದು ಹೊರದೂಡುವ ನೀರು 180 ಗ್ರಾಂ ಎಂದಿಟ್ಟುಕೊಂಡರೆ, ಉಳಿದ 70 ಗ್ರಾಂ ಭಾರ ಅದನ್ನು ತಳಕ್ಕೆ ಎಳೆಯುತ್ತದೆ. ರಾಡಿ ನೀರಿನಲ್ಲಿ ಎರಡು ಮೀಟರ್ ಇಳಿದರೆ ಸಾಕು, ಮತ್ತೆ ಅದರ ದರ್ಶನವಿಲ್ಲ. 70 ಗ್ರಾಮಿಗಿಂತ ಹೆಚ್ಚು ಎತ್ತುವ ಬೆಂಡಿನ ಪಟ್ಟಿಯೊಂದನ್ನು ಕಟ್ಟಿದರೆ ಅದು ತೇಲಿಬರುತ್ತದೆ. ಎಳೆಯ ಈಜುಗಾರನಿಗೆ ಸೋರೆಬುರುಡೆ ಮಾಡುತ್ತಿದ್ದ ಉಪಕಾರವೂ ಇದೇ ಅಲ್ಲವೆ? ಪಟ್ಟಿಯ ಬಣ್ಣ ಕಿತ್ತಳೆಯಾಗಿರಲಿ. ನೀರಿನ ಬಣ್ಣದಲ್ಲಿ ಅದು ಬೆರೆಯದು. ಮೊದಲ ಪರೀಕ್ಷೆ ಬಕೆಟ್ಟಿನಲ್ಲಿಯೇ ನಡೆಯಲಿ.

ಕ್ಯಾಮರಾವನ್ನು ಕೊರಳಿಗೆ ಕಟ್ಟಿಕೊಂಡು ಎಂದಿಗೂ ಈಜಬಾರದು. ದಾರ ಬೇರಿಗೋ ಬಲೆಗೋ ಸಿಕ್ಕಿದರೆ ಅದೇ ಉರುಲಾದೀತು. ಸೊಂಟದ ಪಟ್ಟಿಗೆ ಕಟ್ಟಿ ಹಿಂದೆ ತೇಲಿಸಿಕೊಂಡು ಹೋಗುವ ಗಾಳಿಚೀಲಗಳುಂಟು. ಕ್ಯಾಮರಾ ಅದರ ಮೇಲಿರಲಿ. ದಣಿದಾಗ ಅದೇ ಚೀಲ ಆಸರೆಯೂ ಆಗುತ್ತದೆ. ದೂರದ ದೋಣಿಯವರಿಗೆ ಈಜುಗಾರನ ಗುರುತೂ ಆಗುತ್ತದೆ.

ಒಂದು ಕಣ ಮರಳು

ನೀರು ತಡೆಯುವ ವಿದ್ಯೆ ನಮಗೆ ಹೊಸದಲ್ಲ. ಬಿದಿರ ಬುಟ್ಟಿಗೆ ಚರ್ಮ ಹೊದಿಸಿದ ಹರಿಗೋಲುಗಳಲ್ಲಿ ಜನರು ಆನೆಗೊಂದಿಯ ಬಳಿ ಹೊಳೆ ದಾಟುತ್ತಿದ್ದುದನ್ನು ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯೆಸನು ಹದಿನಾರನೆಯ ಶತಮಾನದಲ್ಲಿಯೇ ಕಂಡು ಬರೆದಿಟ್ಟಿದ್ದಾನೆ. ಹರಿಗೋಲಿಗೆ ಚರ್ಮ ಹೇಗೋ ಕ್ಯಾಮರಾಕ್ಕೆ ರಬ್ಬರಿನ ಸುತ್ತು ಹಾಗೆ. ಕುಕ್ಕರಿನ ಗ್ಯಾಸ್ಕೆಟ್ಟಿನಂತೆಯೇ ಅದು ಬಾಗಿಲಿನ ಸುತ್ತ ಅದುಮಿ ಕುಳಿತು ಸಂದನ್ನು ಮುಚ್ಚುತ್ತದೆ. ಅದರ ಮೇಲೆ ಒಂದು ಕೂದಲೋ ಒಂದು ಕಣ ಮರಳೋ ಕುಳಿತರೆ, ಅದರ ಪಕ್ಕದ ಕಿರುದಾರಿಯಲ್ಲಿ ನೀರು ನುಸುಳುತ್ತದೆ. ಆಳದಲ್ಲಿ ನೀರೇ ಬಾಗಿಲನ್ನು ಒತ್ತಿ ಹಿಡಿಯುತ್ತದೆ. ಮೇಲ್ನೀರಿನಲ್ಲಿ ಆ ಸಹಾಯವೂ ಇಲ್ಲ.

ನಮ್ಮ ಪರಿಚಯದ ತರುಣನೊಬ್ಬನು ಹೊಸ ಕ್ಯಾಮರಾದ ಬಾಗಿಲನ್ನು ಹೊಳೆಯ ದಂಡೆಯ ಮರಳಿನ ಮೇಲೆ ಕುಳಿತು ತೆರೆದು ಬ್ಯಾಟರಿ ಬದಲಿಸಿದನು. ಈಜಿ ಬರುವಷ್ಟರಲ್ಲಿ ಅದರ ಗಾಜಿನೊಳಗೆ ನೀರು ತುಳುಕುತ್ತಿತ್ತು. ಕ್ಯಾಮರಾ ಸತ್ತದ್ದು ನೀರಿನಲ್ಲಾದರೂ ಕೊಲೆ ನಡೆದದ್ದು ದಡದಲ್ಲಿ! ಬಾಗಿಲನ್ನು ಮನೆಯಲ್ಲಿಯೇ, ಒಣಗೈಯಿಂದ, ಬೆಳಕಿನಲ್ಲಿ ನೋಡಿ ಮುಚ್ಚಬೇಕು. ನೀರಿನ ಬಳಿ ತೆರೆಯಲೇಬಾರದು.

ನಮ್ಮ ಬಿಸಿಲು ಇನ್ನೊಬ್ಬ ಶತ್ರು. ಬೇಸಿಗೆಯಲ್ಲಿ ಬಂಡೆಯ ಮೇಲಿಟ್ಟ ಕ್ಯಾಮರಾದ ಒಳಗಾಳಿ 50 ಡಿಗ್ರಿಗೆ ಕಾದಿರಬಹುದು. ಅದನ್ನು ಒಮ್ಮೆಲೇ 25 ಡಿಗ್ರಿಯ ನೀರಿಗೆ ಹಾಕಿದರೆ ಒಳಗಿನ ಗಾಳಿ ತಣಿದು ಅದರ ಒತ್ತಡ ನೂರಕ್ಕೆ ಎಂಟರಷ್ಟು ಕುಗ್ಗುತ್ತದೆ. ಇದು ಸುಮಾರು 80 ಸೆಂಟಿಮೀಟರ್ ನೀರಿನ ಒತ್ತಡಕ್ಕೆ ಸಮ. ಎಂದರೆ ಕ್ಯಾಮರಾ ತಾನೇ ನೀರನ್ನು ಒಳಗೆ ಹೀರಿಕೊಳ್ಳಲು ಹವಣಿಸುತ್ತದೆ. ಒಳಗಿನ ತೇವವು ಗಾಜಿನ ಮೇಲೆ ಇಬ್ಬನಿಯಾಗಿ ಕೂರುವುದೂ ಆಗಲೇ. ಆದುದರಿಂದ ಕ್ಯಾಮರಾವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ನೆರಳಿನಲ್ಲಿಡಬೇಕು.

ಈಜಿ ಬಂದ ಮೇಲೆ ಶುದ್ಧ ನೀರಿನಲ್ಲಿ ಸ್ವಲ್ಪ ಹೊತ್ತು ನೆನೆಯಿಟ್ಟು, ಮೆತ್ತನೆಯ ಬಟ್ಟೆಯಿಂದ ಒರಸಿ, ನೆರಳಿನಲ್ಲಿ ಆರಿದ ಬಳಿಕವೇ ಬಾಗಿಲು ತೆರೆಯಬೇಕು. ರಬ್ಬರಿನ ಸುತ್ತು ಕಾಲಕಾಲಕ್ಕೆ ಸವೆಯುವ ವಸ್ತು. ತಯಾರಕರು ಹೇಳಿದ ಅವಧಿಗೆ ಅದನ್ನು ಬದಲಿಸಬೇಕು.

ಮೊದಲು ಈಜು, ಆಮೇಲೆ ಚಿತ್ರ

ಕ್ಯಾಮರಾ ಹಿಡಿದವನ ಕಣ್ಣು ದೃಶ್ಯದ ಮೇಲಿರುತ್ತದೆ, ನೀರಿನ ಮೇಲಿರುವುದಿಲ್ಲ. ಚಿತ್ರದ ಭರದಲ್ಲಿ ಬಂಡೆಯಿಂದ ಹಾರಿದವರು, ಸುಳಿಯನ್ನು ಗಮನಿಸದೆ ಹೋದವರು ಮರಳಿ ಬಾರದ ಸುದ್ದಿಯನ್ನು ನಮ್ಮ ಜಿಲ್ಲೆಯವರು ಕೇಳಿದ್ದಾರೆ. ಆದುದರಿಂದ ಕೆಲವು ಮಾತುಗಳನ್ನು ಒತ್ತಿ ಹೇಳಬೇಕಾಗಿದೆ.

ಒಬ್ಬಂಟಿಯಾಗಿ ಈಜಬಾರದು. ಅಣೆಕಟ್ಟೆಯ ಸಮೀಪಕ್ಕೂ ಕಾಲುವೆಗೂ ಇಳಿಯಬಾರದು. ಕಾಲುವೆಯ ಜಾರುವ ಇಳಿಜಾರು ದಡವನ್ನು ನುರಿತ ಈಜುಗಾರನೂ ಹತ್ತಲಾರನು. ಪಂಪುಸೆಟ್ಟಿನ ವಿದ್ಯುತ್ ತಂತಿಗಳು ಇಳಿದಿರುವ ಬಾವಿಯಲ್ಲಿ ಈಜು ಬೇಡ. ತುಂಗಭದ್ರೆಯ ಕೆಳಹರಿವಿನಲ್ಲಿ ಮುದ್ಲಾಪುರದಿಂದ ಕಂಪ್ಲಿಯವರೆಗಿನ ಸುಮಾರು 34 ಕಿಲೋಮೀಟರ್ ಉದ್ದದ ಹೊಳೆಯನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಣೆಗೆಂದು ಮೀಸಲಿಡಲಾಗಿದೆ. ಆ ಹೊಳೆಯಲ್ಲಿ ಮೊಸಳೆಗಳೂ ಉಂಟು. ಅಲ್ಲಿ ದಡದಲ್ಲಿ ನಿಂತು ತೆಗೆದ ಚಿತ್ರವೇ ಸಾಕು.

ಚಿತ್ರ ತೆಗೆಯಬೇಕೆನಿಸಿದಾಗ ಈಜನ್ನು ನಿಲ್ಲಿಸಬೇಕು. ಒಂದು ಕೈ ಗಾಳಿಚೀಲದ ಮೇಲಿರಬೇಕು, ಒಂದು ಕೈಯಲ್ಲಿ ಕ್ಯಾಮರಾ. ಉಸಿರು ಒಂದು ಹದಕ್ಕೆ ಬಂದ ಮೇಲೆ ಗುಂಡಿಯನ್ನೊತ್ತಬೇಕು. ಎರಡು ಕೈಯಿಂದ ಹಿಡಿಯಬೇಕಾದ ಯಂತ್ರ, ತೆರೆ ನೋಡಿ ನೋಡಿ ತಿದ್ದಬೇಕಾದ ಯಂತ್ರ, ಎಷ್ಟೇ ಉತ್ತಮವಾಗಿದ್ದರೂ ಈಜುಗಾರನದಲ್ಲ.

ಮಾಸ್ತರರು ನಮ್ಮೊಡನೆ ಕುಳಿತು ಈ ಲೆಕ್ಕವನ್ನೆಲ್ಲ ಹಾಕಿದರು. ಆಳದ ಅಂಕಿಯನ್ನು ಬಿಟ್ಟು ಬೆಳಕಿನ ಅಂಕಿಯನ್ನು ನೋಡಿದರು. 15 ಮೀಟರಿನ ಕ್ಯಾಮರಾವನ್ನು ಕೊಂಡು, ಉಳಿದ ಹಣದಲ್ಲಿ ಕಿತ್ತಳೆ ಬಣ್ಣದ ಗಾಳಿಚೀಲವನ್ನೂ ಬೆಂಡಿನ ಪಟ್ಟಿಯನ್ನೂ ತಂದರು. ಮಳೆಗಾಲ ಕಳೆದು ನೀರು ತಿಳಿಯಾದ ಮೇಲೆ ಒಂದು ಮುಂಜಾನೆ ಮಾವನವರ ಚಿತ್ರ ತೆಗೆದು ನಮಗೆ ತೋರಿಸಿದರು. ನೀರಿನ ಮಟ್ಟದಿಂದ ತೆಗೆದ ಚಿತ್ರ: ಬಿಳಿಯ ತಲೆ, ಮೇಲೆತ್ತಿದ ತೋಳು, ತೋಳಿನಿಂದ ಇಳಿಯುವ ಹನಿಗಳ ಸಾಲು. ನೀರಿನ ಕೆಳಗೆ ಏನೂ ಕಾಣುತ್ತಿರಲಿಲ್ಲ, ಕಾಣಬೇಕಾಗಿಯೂ ಇರಲಿಲ್ಲ.